ಕೃಷ್ಣಾತೀರದಲ್ಲಿ ಪಕ್ಷರಾಜಕೀಯದ ಮೇಲಣ ಅವಿಶ್ವಾಸ ಮತ್ತು ಜನಾಕರ್ಷಣೆಯ ನಾಯಕತ್ವ

1991ನೆಯ ಇಸವಿಯ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದ ಮತದಾರರು ಶ್ರೀ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಐದು ವರ್ಷಗಳಿಗೂ ಮೀರಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದು, ಉತ್ತರ ಕರ್ನಾಟಕದಲ್ಲಿ ವಿಶೇಷವಾದ ಜನಾದರವನ್ನು ಪಡೆದು, ರಾಷ್ಟ್ರದ ಮುಂದಾಳುಗಳ ಸಾಲಿನಲ್ಲಿ ಗಣನೆಗೆ ಬಂದಿದ್ದ ಹೆಗಡೆಯವರನ್ನು ಅಲ್ಲಿ ಗೆದ್ದವರು ಜಮಖಂಡಿ ತಾಲೂಕಿನ ರೈತ ಮುಂದಾಳು ಶ್ರೀ ಸಿದ್ದು ನ್ಯಾಮಗೌಡರು. ಜನರು ಅವರನ್ನು ‘ಬ್ಯಾರೇಜ್ ಸಿದ್ದು’ ಎಂದು ಕರೆಯುತ್ತಿದ್ದರು. ಚುನಾವಣೆಯ ಇತಿಹಾಸದಲ್ಲಿ ದೊಡ್ಡವರು ಸೋಲುವುದು ಅಪೂರ್ವವೇನಲ್ಲ. ಆದರೆ ಈ ಸೋಲಿನ ಹಿಂದೆ ಪಕ್ಷಗಳ ವಿಷಯದಲ್ಲಿ ಜನರಿಗೆ ಉಂಟಾಗಿದ್ದ ಬೇಸರದ ಒಂದು ದೀರ್ಘ ಕಥೆ ಇರುವುದರಿಂದಲೂ, ಆ ಬೇಸರದ ಫಲವು ಕೊನೆಗೆ ಒಂದು ಪಕ್ಷಕ್ಕೇ ದೊರೆತುದರಿಂದಲೂ, ಈ ಪ್ರಸಂಗವನ್ನು ಇಲ್ಲಿ ಪರಿಶೀಲಿಸಬೇಕೆಂದು ನಾವು ಬಗೆದಿದ್ದೇವೆ.

ಮೊದಲು ಒಂದು ಮಾತು. ‘ಜನಪ್ರಿಯತಾವಾದ’ ಎಂಬ ಶಬ್ದವನ್ನು ಈಚೆಗೆ ಹೆಚ್ಚಾಗಿ ನಿಂದೆಯ ಅರ್ಥದಲ್ಲಿಯೇ ಬಳಸಲಾಗುತ್ತಿದೆ. ‘ನಿಜವಾದ ಜನ ಒಂದು ಕಡೆ, ಅವರನ್ನು ಮರೆತ ಅಧಿಕಾರಸ್ಥರು ಇನ್ನೊಂದು ಕಡೆ’ ಎಂದು ಸಮಾಜವನ್ನು ಇಬ್ಭಾಗಿಸಿ, ಆ ಜನದ ದನಿ ತಾನೇ ಎಂದು ಸಾರುವ ನಾಯಕತ್ವಕ್ಕೆ ಈ ಹೆಸರು ಸಲ್ಲುತ್ತದೆ ಎಂದಿಷ್ಟನ್ನೇ ನಾವು ಇಲ್ಲಿ ಇಟ್ಟುಕೊಳ್ಳುತ್ತೇವೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಆಯಾ ಸಂದರ್ಭದ ಪರಿಶೀಲನೆಯಿಂದ ತಿಳಿಯಬೇಕಾದ ಸಂಗತಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಸೀಮೆಯು ಒಂದೇ ಆಡಳಿತದಡಿ ಬಂದುದು ತೀರ ಈಚೆಗೆ. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿಗೆ ಸೇರಿದ್ದರೆ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. 1948ರ ಮಾರ್ಚ್ ತಿಂಗಳಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆಯೊಡನೆ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಬಂದಿತು. ಪ್ರಜಾಪರಿಷತ್ತಿನ ಚಳವಳಿಯಲ್ಲಿ ಮುಂದೆ ಬಂದು, ಜಮಖಂಡಿ ಸಂಸ್ಥಾನದ ಕೊನೆಯ ದಿನಗಳಲ್ಲಿ ಅಲ್ಲಿಯ ಮುಖ್ಯಮಂತ್ರಿಯಾಗಿದ್ದ ಶ್ರೀ ಬಿ. ಡಿ. ಜತ್ತಿಯವರು 1958ರಿಂದ 1962ರ ವರೆಗೆ ಇಡಿಯ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಗೇಣಿ ಮತ್ತು ಭೂಸುಧಾರಣೆಯ ಕಾನೂನುಗಳ ಪರಿಶೀಲನೆಗೆ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. 1961ರ ಭೂಸುಧಾರಣಾ ಶಾಸನಕ್ಕೆ ಆ ಸಮಿತಿಯ ವರದಿಯೇ ಆಧಾರ.

ಈ ಕಾಲದಲ್ಲಿ ಕಾಂಗ್ರೆಸ್ಸೆಂದರೆ ಜನರಿಗೆ ಬೇರೆಯಾದ ಒಂದು ಪಕ್ಷವೆಂಬ ಭಾವನೆ ಇದ್ದಂತೆ ತೋರುವುದಿಲ್ಲ. ಸಂಸ್ಥಾನಿಕನ ಕಾರಭಾರಿಯ ಎದುರು ಕೈಕಟ್ಟಿ ನಿಂತವನಿಗೆ, ತನ್ನ ಊರಿನ ವಕೀಲನೇ ಮಂತ್ರಿಯಾದುದು ಸ್ವರಾಜ್ಯದ ಪ್ರತ್ಯಕ್ಷ ಪ್ರಮಾಣವಾಗಿದ್ದಿತು. ಆ ವಿಶ್ವಾಸವು ಸಡಿಲವಾದುದು ಯಾವುದೋ ಒಂದು ಹಗರಣದಿಂದಲ್ಲ, ವಿಳಂಬದಿಂದ ಎಂಬುದು ನಮ್ಮ ಅಭಿಪ್ರಾಯ.

ವಿಳಂಬದ ಸ್ವರೂಪವನ್ನು ನೀರಾವರಿಯ ಇತಿಹಾಸದಲ್ಲಿ ಚೆನ್ನಾಗಿ ಕಾಣಬಹುದು. ಆಲಮಟ್ಟಿಯ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಹಾಕಿದವರು, ಮುಂದೆ ಮೂರು ವಾರಗಳೊಳಗೆ ಪ್ರಧಾನಿಗಳಾದ ಶ್ರೀ ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಅದೇ ಜಲಾಶಯವನ್ನು ರಾಷ್ಟ್ರಪತಿ ಶ್ರೀ ಅಬ್ದುಲ್ ಕಲಾಂ ಅವರು ನಾಡಿಗೆ ಸಮರ್ಪಿಸಿದುದು 2006ರಲ್ಲಿ. ಅಡಿಗಲ್ಲಿನ ದಿನ ಹುಟ್ಟಿದ ಮಗು ಅಷ್ಟರಲ್ಲಿ ನಲವತ್ತೆರಡು ವರ್ಷದ ಗೃಹಸ್ಥನಾಗಿದ್ದಿತು! ನಡುವೆ ಬಚಾವತ್ ನ್ಯಾಯಮಂಡಲಿಯು ಕರ್ನಾಟಕಕ್ಕೆ 700 ಟಿ.ಎಂ.ಸಿ. ನೀರನ್ನು ಹಂಚಿಕೊಟ್ಟಿತು. ಹಂಚಿಕೆಯಾದ ನೀರು ಕಡತದಲ್ಲಿದ್ದಿತು, ಹೊಲಕ್ಕೆ ಬರಬೇಕಾಗಿದ್ದಿತು. ರಬಕವಿಗೆ ಸಮೀಪದ ಹಿಪ್ಪರಗಿ ಬ್ಯಾರೇಜಿನ ಕೆಲಸವೂ 1970ರ ದಶಕದಲ್ಲಿ ಆರಂಭವಾಗಿ ಮೂರು ದಶಕಗಳಷ್ಟು ಎಳೆಯಿತು. ಇಷ್ಟರಲ್ಲಿ ಚುನಾವಣೆಗಳು ಬಂದು ಹೋದವು, ಪ್ರತಿಯೊಂದರಲ್ಲಿಯೂ ನೀರಿನ ಆಶ್ವಾಸನೆ ಇದ್ದೇ ಇದ್ದಿತು. ಈ ಸೀಮೆಯ ಆಡುಮಾತಿನಲ್ಲಿ ‘ರಾಜಕಾರಣ ಮಾಡುವುದು’ ಎಂಬುದಕ್ಕೆ ‘ಒಳಗೊಂದು ಹೊರಗೊಂದು ನಡೆಯುವುದು’ ಎಂಬ ಅರ್ಥವೂ ಉಂಟು. ಭಾಷೆಯು ಜನರ ಅನುಭವವನ್ನು ಕಾದಿಡುವ ಬಗೆಗೆ ಇದೊಂದು ನಿದರ್ಶನ.

ನೆರೆಯ ಮಲಪ್ರಭಾ ಪ್ರದೇಶದಲ್ಲಿ ಈ ಬೇಸರವು 1980ರಲ್ಲಿ ಸ್ಫೋಟಗೊಂಡಿತು. ಕಾಲುವೆಯ ನೀರು ಸರಿಯಾಗಿ ಮುಟ್ಟದಿದ್ದರೂ ಅಭಿವೃದ್ಧಿ ಕರವನ್ನು ವಸೂಲು ಮಾಡಹೊರಟ ಸರಕಾರದ ವಿರುದ್ಧ ರೈತರು ಎದ್ದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಕರ್ನಾಟಕ ರಾಜ್ಯ ರೈತ ಸಂಘವು ತಲೆಯೆತ್ತಿದುದು ಇದರ ಬೆನ್ನಿಗೆ. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಕ್ಕೆ ಬರಬಾರದೆಂಬ ಹಲಗೆಗಳು ಹಳ್ಳಿಗಳ ಬಾಗಿಲಲ್ಲಿ ಕಾಣಿಸಿಕೊಂಡವು. 1983ರ ಜನವರಿಯಲ್ಲಿ ಕಾಂಗ್ರೆಸ್ಸು 224 ಸ್ಥಾನಗಳಲ್ಲಿ ಕೇವಲ 82ನ್ನು ಪಡೆದು, ರಾಜ್ಯದ ಇತಿಹಾಸದಲ್ಲಿ ಮೊದಲ ಬಾರಿಗೆ ಅಧಿಕಾರವನ್ನು ಕಳೆದುಕೊಂಡಿತು. ಹೆಗಡೆಯವರು ಮುಖ್ಯಮಂತ್ರಿಗಳಾದುದು ಈ ಬೇಸರದ ಅಲೆಯ ಮೇಲೆ. ಅದೇ ಅಲೆಯು ಎಂಟು ವರ್ಷಗಳ ನಂತರ ಅವರನ್ನೇ ಬಾಗಲಕೋಟೆಯಲ್ಲಿ ಮುಳುಗಿಸಿತೆಂಬುದನ್ನು ಇಲ್ಲಿ ನೆನೆಯಬೇಕು. ಹಳೆಯ ಪಕ್ಷದ ಬಗ್ಗೆ ಜಿಗುಪ್ಸೆಗೊಂಡು ಹೊಸ ಪಕ್ಷವನ್ನು ತಂದವರಿಗೆ ಹೊಸದೂ ಬೇಗ ಹಳೆಯದಾಯಿತು. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. 1989ರ ಕೊನೆಯಲ್ಲಿ ಕಾಂಗ್ರೆಸ್ಸು 178 ಸ್ಥಾನಗಳೊಡನೆ ಮರಳಿ ಬಂದಿತು.

ಅದೇ 1989ನೆಯ ಇಸವಿಯಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ನಡೆದ ಕಾರ್ಯವು ಬೇರೊಂದು ಬಗೆಯದು. ಮುಂಗಾರಿನಲ್ಲಿ ಸಹ್ಯಾದ್ರಿಯ ನೀರನ್ನು ತುಂಬಿಕೊಂಡು ಎರೆಹೊಲಗಳ ಮೇಲೆ ಉಕ್ಕುವ ಕೃಷ್ಣೆಯು ಬೇಸಗೆಯಲ್ಲಿ ಬತ್ತಿ ಅಲ್ಲಲ್ಲಿ ಮಡುಗಳಾಗಿ ಉಳಿಯುತ್ತಿದ್ದಳು. ನದಿಯ ದಂಡೆಯ ಪಂಪುಸೆಟ್ಟುಗಳಿಗೆ ನೀರು ಹೆಚ್ಚಾಗಿ ಬೇಕಾದುದು ಆಗಲೇ. ಕಬ್ಬಂತೂ ವರ್ಷಪೂರ್ತಿ ನೆಲದಲ್ಲಿ ನಿಲ್ಲುವ ಬೆಳೆ. ಮಳೆಗಾಲದ ಕೊನೆಯ ಹರಿವನ್ನು ಅಡ್ಡಗಟ್ಟಿ ನದಿಯ ಪಾತ್ರದಲ್ಲಿಯೇ ನಿಲ್ಲಿಸಿಕೊಂಡರೆ ದಂಡೆಯ ಹೊಲಗಳು ಬದುಕುತ್ತವೆ. ಇದರಲ್ಲಿ ಗೂಢವಾದ ಯಂತ್ರಶಾಸ್ತ್ರವೇನೂ ಇಲ್ಲ. ಕೊಲ್ಲಾಪುರದ ಕಡೆ ಪಂಚಗಂಗೆಯ ಮೇಲೆ ಇಂಥ ಬಾಂದಾರಗಳು ಬಹು ಹಿಂದಿನಿಂದ ಇದ್ದು, ಅವುಗಳ ಆಸರೆಯಲ್ಲಿ ಕಬ್ಬೂ ಸಕ್ಕರೆ ಕಾರಖಾನೆಗಳೂ ಬೆಳೆದುದನ್ನು ಈ ಭಾಗದ ರೈತರು ಕಣ್ಣಾರೆ ಕಂಡಿದ್ದರು. ಸರಕಾರದಿಂದ ಕೆಲಸವಾಗಲಿಲ್ಲವಾಗಿ, ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘವು ರೈತರಿಂದಲೇ ವಂತಿಗೆಯನ್ನು ಎತ್ತಿ, ಅವರ ಮೈದುಡಿಮೆಯನ್ನೂ ಸೇರಿಸಿ, ಕೋಟಿ ರೂಪಾಯಿಗಳ ಆಸುಪಾಸಿನ ವೆಚ್ಚದಲ್ಲಿ ಬ್ಯಾರೇಜನ್ನು ಕಟ್ಟಿ ಮುಗಿಸಿತು. ‘ಶ್ರಮಬಿಂದು ಸಾಗರ’ ಎಂದು ಅದಕ್ಕೆ ಹೆಸರಾಯಿತು.

ನರಗುಂದದ ಪ್ರಸಂಗದೊಡನೆ ಇದನ್ನು ಹೋಲಿಸಿ ನೋಡುವುದು ಉಚಿತ. ಅಲ್ಲಿ ನೀರು ಮುಟ್ಟದೆ ಕರ ಕೇಳಿದಾಗ ರೈತರು ಕೊಡಲೊಲ್ಲೆವೆಂದರು. ಒಂಬತ್ತು ವರ್ಷಗಳ ತರುವಾಯ ಇಲ್ಲಿ, ಅಂಥವರೇ ಆದ ರೈತರು, ಯಾವ ಕಾನೂನಿನ ಒತ್ತಾಯವೂ ಇಲ್ಲದೆ ತಮ್ಮ ಮೇಲೆ ತಾವೇ ಕರವನ್ನು ಹಾಕಿಕೊಂಡರು. ಆದುದರಿಂದ ರೈತನು ಕೊಡಲು ಹಿಂಜರಿಯುವವನೆಂಬ, ಪುಕ್ಕಟೆಯ ಸವಲತ್ತಿಗೆ ಮಾತ್ರ ಮರುಳಾಗುವವನೆಂಬ ನಗರವಾಸಿಗಳ ವಾದವು ಪರಿಶೀಲನೆಗೆ ನಿಲ್ಲುವುದಿಲ್ಲ. ಕೊಟ್ಟ ಹಣ ಎಲ್ಲಿ ಹೋಯಿತೆಂಬುದು ನದಿಯಲ್ಲಿ ಏಳುತ್ತಿರುವ ಕಂಬಗಳಲ್ಲಿ ಕಣ್ಣಿಗೆ ಕಾಣುವಾಗ ಅವನು ಕೊಡುತ್ತಾನೆ. ಜನರು ಕಳೆದುಕೊಂಡಿದ್ದುದು ಸಾರ್ವಜನಿಕ ಕಾರ್ಯದಲ್ಲಿಯ ನಂಬಿಕೆಯನ್ನಲ್ಲ, ಅದನ್ನು ತಮ್ಮ ಹೆಸರಿನಲ್ಲಿ ಮಾಡುತ್ತೇವೆಂದವರ ಮೇಲಿನ ನಂಬಿಕೆಯನ್ನು.

ಎರಡು ವರ್ಷಗಳಲ್ಲಿ ಚುನಾವಣೆ ಬಂದಿತು. ಕಾಂಗ್ರೆಸ್ಸು ನ್ಯಾಮಗೌಡರನ್ನು ತನ್ನ ಉಮೇದುವಾರರನ್ನಾಗಿ ಮಾಡಿತು. 1991ರ ಮೇ 21ರಂದು ಶ್ರೀ ರಾಜೀವ ಗಾಂಧಿಯವರ ಹತ್ಯೆಯಾದುದರಿಂದ ಅನುಕಂಪವೂ ಕೆಲಸ ಮಾಡಿತೆಂಬುದನ್ನು ಅಲ್ಲಗಳೆಯಲಾಗದು. ರಾಜ್ಯದ 28 ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೆ ದೊರೆತವು. ಆದುದರಿಂದ ಬ್ಯಾರೇಜೇ ಹೆಗಡೆಯವರನ್ನು ಸೋಲಿಸಿತೆಂಬ ಜನಪ್ರಿಯ ವಿವರಣೆಯನ್ನು ಹಾಗೆಯೇ ಒಪ್ಪುವುದು ಇತಿಹಾಸಕಾರನಿಗೆ ಸಲ್ಲದು. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ: 1980ರಲ್ಲಿ ಶ್ರೀ ವೀರೇಂದ್ರ ಪಾಟೀಲರಂಥ ಹಿರಿಯರನ್ನು ಇದೇ ಕ್ಷೇತ್ರದಲ್ಲಿ ನಿಲ್ಲಿಸಿ ಗೆಲ್ಲಿಸಿಕೊಂಡಿದ್ದ ಪಕ್ಷಕ್ಕೆ, ತನ್ನ ನಿಧಾನವನ್ನು ಕಂಡು ಬೇಸತ್ತು ತಾನೇ ಅಣೆ ಕಟ್ಟಿದವನ ಹೆಸರು ಏಕೆ ಬೇಕಾಯಿತು? ಪಕ್ಷವು ತಾನು ಕಳೆದುಕೊಂಡ ವಿಶ್ವಾಸವನ್ನು ಹೊರಗಿನಿಂದ ತರಬೇಕಾಗಿದ್ದಿತು. ಅದು ಪಡಸಲಗಿಯಲ್ಲಿ ಸಿದ್ಧವಾಗಿ ದೊರಕಿತು. ನ್ಯಾಮಗೌಡರು ನರಸಿಂಹರಾಯರ ಸರಕಾರದಲ್ಲಿ ಕಲ್ಲಿದ್ದಲಿನ ಖಾತೆಯ ಕಿರಿಯ ಸಚಿವರಾದರು. ನೀರಿಗಾಗಿ ಹೆಸರಾದವರಿಗೆ ಕಲ್ಲಿದ್ದಲನ್ನು ಕೊಟ್ಟುದು ದಿಲ್ಲಿಯ ವಿನೋದವೆಂದೇ ಹೇಳಬೇಕು.

ರೈತ ಸಂಘಟನೆಗಳ ಪಾಲಿಗೆ ಈ ಗತಿ ಹೊಸದಲ್ಲ. ಅಮೆರಿಕೆಯ ಪಶ್ಚಿಮದ ಹಾಗೂ ದಕ್ಷಿಣದ ರೈತರು ರೇಲ್ವೆ ಕಂಪನಿಗಳಿಗೂ ಬ್ಯಾಂಕುಗಳಿಗೂ ಎದುರಾಗಿ ಕಟ್ಟಿದ ಪೀಪಲ್ಸ್ ಪಾರ್ಟಿಯು 1892ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕು ಮತಗಳನ್ನು ಗಳಿಸಿತು. ಜನಪ್ರಿಯತಾವಾದಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಬಂದುದು ಈ ಪಕ್ಷದವರಿಂದಲೇ. 1896ರಲ್ಲಿ ಡೆಮಾಕ್ರಟಿಕ್ ಪಕ್ಷವು ಅವರ ಬೇಡಿಕೆಯನ್ನು ತನ್ನದಾಗಿಸಿಕೊಂಡು ವಿಲಿಯಂ ಜೆನಿಂಗ್ಸ್ ಬ್ರಯನ್ನನನ್ನು ನಿಲ್ಲಿಸಿತು. ರೈತರ ಪಕ್ಷವೂ ಅವನನ್ನೇ ಒಪ್ಪಿಕೊಂಡು, ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ನಮ್ಮಲ್ಲಿಯೂ ರೈತ ಸಂಘದ ಶ್ರೀ ಬಾಬಾಗೌಡ ಪಾಟೀಲರು 1989ರಲ್ಲಿ ಕಿತ್ತೂರಿನಿಂದ ವಿಧಾನಸಭೆಗೆ ಆರಿಸಿ ಬಂದು, 1998ರ ವೇಳೆಗೆ ಭಾರತೀಯ ಜನತಾ ಪಕ್ಷದ ಮೂಲಕ ಬೆಳಗಾವಿಯಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಮಂತ್ರಿಗಳಾದರು.

ಇನ್ನು ‘ಜನ’ ಎಂಬ ಶಬ್ದದಲ್ಲಿ ಯಾರು ಯಾರು ಸೇರಿದ್ದರೆಂಬುದನ್ನು ನೋಡಬೇಕು. ಬ್ಯಾರೇಜಿನ ನೀರು ನದಿಯ ದಂಡೆಯಲ್ಲಿ ಭೂಮಿಯುಳ್ಳವನಿಗೆ ಮುಟ್ಟುತ್ತದೆ. ಕೆಲವೇ ಹರದಾರಿಗಳ ದೂರದಲ್ಲಿರುವ ರಬಕವಿ–ಬನಹಟ್ಟಿಗಳ ನೇಕಾರನ ಬದುಕು ಕೃಷ್ಣೆಯ ಮಟ್ಟವನ್ನು ನೆಚ್ಚಿದುದಲ್ಲ. ಅದು ನೂಲಿನ ದರವನ್ನೂ ಸೀರೆಯ ಪೇಟೆಯನ್ನೂ, ಕೂಲಿಗೆ ನೇಯುವವನಾದರೆ ಮಾಲಕನ ಮರ್ಜಿಯನ್ನೂ ನೆಚ್ಚಿದುದು. ಕೈಮಗ್ಗಗಳ ಜಾಗದಲ್ಲಿ ವಿದ್ಯುನ್ಮಗ್ಗಗಳು ಬಂದ ಮೇಲೆ ಸಾಲವೂ ವಿದ್ಯುತ್ ದರವೂ ಈ ಲೆಕ್ಕಕ್ಕೆ ಸೇರಿಕೊಂಡವು. ಹೊಲದವರು ವಂತಿಗೆ ಹಾಕಿ ಕಟ್ಟಿಕೊಂಡಂತೆ ನೇಕಾರರು ಕಟ್ಟಿಕೊಳ್ಳಬಹುದಾದ ಅಣೆ ಯಾವುದು? ನೂಲಿನ ಬೆಲೆ ಅವರ ಕೈಯಲ್ಲಿರಲಿಲ್ಲ. ಹೀಗಾಗಿ ಈ ಊರುಗಳ ಬೇಸರವು ಸರಕಾರದ ಕಡೆಗೇ ಕೈ ಚಾಚಬೇಕಾಯಿತು. ಪಕ್ಷಗಳೂ ಅವರಿಗೆ ರಿಯಾಯಿತಿಯನ್ನೂ ಸಾಲಮನ್ನಾವನ್ನೂ ತೋರಿಸಿದವು. 2019ರ ಜುಲೈ 26ರಂದು ಅಧಿಕಾರವನ್ನು ವಹಿಸಿಕೊಂಡ ದಿನವೇ ಶ್ರೀ ಯಡಿಯೂರಪ್ಪನವರು ಮಾಡಿದ ಘೋಷಣೆಗಳಲ್ಲಿ ನೇಕಾರರ ಸಾಲಮನ್ನಾ ಒಂದು. ಈ ಊರುಗಳನ್ನು ಒಳಗೊಂಡ ತೇರದಾಳ ಕ್ಷೇತ್ರವು 2008ರಲ್ಲಿ ಭಾರತೀಯ ಜನತಾ ಪಕ್ಷವನ್ನು ಆರಿಸಿ, 2013ರಲ್ಲಿ ರಂಗಭೂಮಿ ಮತ್ತು ಚಲನಚಿತ್ರಗಳ ನಟಿ ಶ್ರೀಮತಿ ಉಮಾಶ್ರೀಯವರನ್ನು ಕಾಂಗ್ರೆಸ್ಸಿನಿಂದ ಗೆಲ್ಲಿಸಿ, 2018ರಲ್ಲಿ ಮತ್ತೆ ಹಿಂದಿನ ಪಕ್ಷಕ್ಕೆ ಮರಳಿತು. ಇದನ್ನು ಮತದಾರನ ಚಂಚಲತೆ ಎಂದು ಕೆಲವರು ಹಳಿಯುತ್ತಾರೆ. ಮಗ್ಗದ ಮುಂದೆ ಕುಳಿತವನು ಐದು ವರ್ಷಕ್ಕೊಮ್ಮೆ ಮಾತ್ರ ಎಳೆಯನ್ನು ಬದಲಿಸಬಲ್ಲ ಸ್ಥಿತಿಯಲ್ಲಿ ಬೇರೆ ಏನನ್ನು ಮಾಡಬಹುದಾಗಿದ್ದಿತೆಂದು ಆ ಟೀಕಾಕಾರರು ಹೇಳುವುದಿಲ್ಲ.

ಬಾಗಲಕೋಟೆಯ ಲೋಕಸಭಾ ಸ್ಥಾನದ ಮುಂದಿನ ಇತಿಹಾಸವೂ ಇಂಥದೇ. 1996ರಲ್ಲಿ ಜನತಾದಳ ಗೆದ್ದಿತು, 1998ರಲ್ಲಿ, ಏಳು ವರ್ಷಗಳ ಹಿಂದೆ ಇಲ್ಲಿಯೇ ಸೋತಿದ್ದ ಹೆಗಡೆಯವರು ಕಟ್ಟಿದ ಲೋಕಶಕ್ತಿ ಗೆದ್ದಿತು, 1999ರಲ್ಲಿ ಕಾಂಗ್ರೆಸ್ಸು, 2004ರಿಂದ ಭಾರತೀಯ ಜನತಾ ಪಕ್ಷ. ನ್ಯಾಮಗೌಡರು 2013ರಲ್ಲಿ ಜಮಖಂಡಿಯ ಶಾಸಕರಾದರು, 2018ರ ಮೇ ತಿಂಗಳಲ್ಲಿ ಪುನಃ ಗೆದ್ದರು. ಫಲಿತಾಂಶ ಬಂದ ಎರಡು ವಾರಗಳೊಳಗೆ, ಮೇ 28ರಂದು, ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಆ ವರ್ಷದ ನವೆಂಬರಿನ ಉಪಚುನಾವಣೆಯಲ್ಲಿ ಅವರ ಮಗ ಶ್ರೀ ಆನಂದ ನ್ಯಾಮಗೌಡರು ಆರಿಸಿ ಬಂದರು. ಸಾವಿರಾರು ರೈತರು ವಂತಿಗೆ ಹಾಕಿ ಗಳಿಸಿದ ನೈತಿಕ ಅಧಿಕಾರವು ಹೀಗೆ ಮೊದಲು ಒಬ್ಬ ವ್ಯಕ್ತಿಗೂ, ಬಳಿಕ ಒಂದು ಪಕ್ಷಕ್ಕೂ, ಆ ಮೇಲೆ ಒಂದು ಮನೆತನಕ್ಕೂ ಸಂದಿತು. 2023ರಲ್ಲಿ ಮತದಾರರು ಅದನ್ನೂ ಹಿಂತೆಗೆದುಕೊಂಡರು. ಬ್ಯಾರೇಜಿನ ಕೆಲಸ ಮಾತ್ರ ಸಂಘದ ಕೈಯಿಂದಲೇ ಮುಂದುವರಿದು ಬಂದಿತು. ಆಲಮಟ್ಟಿಯ ಹಿನ್ನೀರು ಬಂದ ಮೇಲೆ, ನದಿಯ ಹರಿವು ನಿಂತ ದಿನಗಳಲ್ಲಿ ಆ ನೀರನ್ನು ಪಂಪುಗಳಿಂದ ಮೇಲೆತ್ತಿ ಬ್ಯಾರೇಜಿಗೆ ತುಂಬುವುದಕ್ಕೂ ರೈತರು ವಂತಿಗೆ ಕೂಡಿಸಿದ್ದಾರೆ.