ಮಾಣಿ ಮಾಲೀಕನಾದದ್ದು ಹೇಗೆ

ಉಡುಪಿ ಹೋಟೆಲುಗಳ ಚರಿತ್ರೆಯನ್ನು ಯಾರೇ ಹೇಳಲಿ, ಕತೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಬಡ ಹುಡುಗ ಊರು ಬಿಟ್ಟ, ಲೋಟ ತೊಳೆದ, ಹಗಲಿರುಳು ದುಡಿದ, ಕೊನೆಗೆ ತಾನೇ ಹೋಟೆಲು ಹಾಕಿದ. ಇದು ಸುಳ್ಳಲ್ಲ, ಆದರೆ ಏಳಿಗೆಗೆ ದುಡಿಮೆಯೊಂದೇ ಕಾರಣವೆಂದರೆ ಲೆಕ್ಕ ಕೂಡುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಅಲ್ಲಿ ಜೇಡಿಮಣ್ಣು ಹೊತ್ತವರ ಬೆವರೇನೂ ಕಡಿಮೆಯದಲ್ಲ. ಮುಂಬಯಿಯ ಗಿರಣಿಗಳಲ್ಲಿ ರಾತ್ರಿಪಾಳಿ ಮಾಡಿದವರದ್ದೂ ಅಷ್ಟೇ. ಆದರೂ ಹಂಚಿನ ಕೂಲಿ ಕಾರ್ಖಾನೆಯ ಧಣಿಯಾಗಲಿಲ್ಲ, ಹೋಟೆಲಿನ ಮಾಣಿ ಮಾಲೀಕನಾದ. ಒಬ್ಬಿಬ್ಬರಲ್ಲ, ಮದ್ರಾಸು, ಬೆಂಗಳೂರು, ಮುಂಬಯಿಗಳಲ್ಲಿ ಒಂದು ತಲೆಮಾರೇ ಹಾಗೆ ಮೇಲೆ ಬಂತು. ನನ್ನ ಮಟ್ಟಿಗೆ ಇದಕ್ಕೆ ಕಾರಣ ಆ ಕಸುಬಿನ ರಚನೆಯಲ್ಲೇ ಇದೆ. ಹೋಟೆಲು ತನ್ನ ಕೆಲಸಗಾರನಿಂದ ಏನನ್ನೂ ಬಚ್ಚಿಡಲು ಸಾಧ್ಯವಿರಲಿಲ್ಲ.

ಹಳೆಯ ಹೋಟೆಲಿನ ಒಳಗು ಹೇಗಿತ್ತೆಂದು ನೋಡಿ. ಕತ್ತಲೆಯಲ್ಲೇ ಎದ್ದು ಒಲೆ ಹಚ್ಚುವುದು, ರುಬ್ಬುವ ಕಲ್ಲಿನ ಮುಂದೆ ಕೂರುವುದು, ಡಿಕಾಕ್ಷನ್ ಇಳಿಸುವುದು, ಎಲ್ಲವೂ ಒಂದೇ ಸೂರಿನಡಿ, ಹತ್ತು ಹೆಜ್ಜೆಯ ಅಂತರದಲ್ಲಿ. ಟೇಬಲ್ ಒರೆಸುವ ಕ್ಲೀನರ್ ಹುಡುಗನಿಗೆ ಎಷ್ಟು ಎಲೆ ಎದ್ದವು, ಏನು ಉಳಿಯಿತು, ಯಾವ ಗಿರಾಕಿ ಸಾಲ ಹೇಳಿ ಹೋದ ಎಂಬುದು ತಾನಾಗಿ ತಿಳಿಯುತ್ತಿತ್ತು. ಸಪ್ಲಾಯರ್ ಆದ ಮೇಲೆ ಅವನು ಆರ್ಡರನ್ನು ಅಡುಗೆಮನೆಗೆ ಕೂಗಬೇಕು. ಗಿರಾಕಿ ಎದ್ದಾಗ ಬಿಲ್ಲನ್ನು ಬಾಯಲ್ಲೇ ಕೂಡಿ ಗಲ್ಲಾಕ್ಕೆ ಕೂಗಬೇಕು. ಅಂದರೆ ಆ ದಿನದ ವ್ಯಾಪಾರ ಅವನ ಬಾಯಿಂದಲೇ ಹಾದುಹೋಗುತ್ತಿತ್ತು. ಕಡಂದಲೆಯ ಕೆ. ಕೃಷ್ಣರಾಯರು ಉಡುಪಿಯ ಮಠದ ಅಡುಗೆಮನೆಯಿಂದ ಹೊರಟು 1920ರ ದಶಕದಲ್ಲಿ ಮದ್ರಾಸಿಗೆ ಹೋಗಿ ಕೂಲಿಗೆ ನಿಂತದ್ದು ಇಂಥದ್ದೇ ಅಡುಗೆಮನೆಯಲ್ಲಿ. ಮುಂದೆ ಆಚಾರಪ್ಪನ್ ಬೀದಿಯ ಹೋಟೆಲನ್ನು ಧಣಿಯಿಂದಲೇ ಕಂತಿನ ಮೇಲೆ ವಹಿಸಿಕೊಂಡರು. ಆಮೇಲೆ ಮೌಂಟ್ ರೋಡಿಗೆ ಬಂದರು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕೈಯಲ್ಲಿ ಬಂಡವಾಳವಿಲ್ಲದವನಿಗೆ ಧಣಿ ಹೋಟೆಲನ್ನೇ ಬಿಟ್ಟುಕೊಡಲು ಧೈರ್ಯ ಮಾಡಿದ್ದು, ಇವನಿಗೆ ಆ ಕೆಲಸ ಮೊದಲಿನಿಂದ ಕೊನೆಯವರೆಗೆ ಬರುತ್ತದೆಂದು ಕಣ್ಣಾರೆ ಕಂಡಿದ್ದರಿಂದ. ಬಡ್ತಿಗಾಗಿ ಕಾದು ಕುಳಿತಿದ್ದರೆ ಕೃಷ್ಣರಾಯರು ಒಳ್ಳೆಯ ಅಡುಗೆ ಭಟ್ಟರಾಗಿ ನಿವೃತ್ತರಾಗುತ್ತಿದ್ದರೋ ಏನೋ.

ಇದೆಲ್ಲ ಸ್ವಂತ ಸಾಮರ್ಥ್ಯವೇ ಅಲ್ಲ, ಜಾತಿ ಮತ್ತು ನೆಂಟಸ್ತಿಕೆಯ ಬಲ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಊರಿನವನೊಬ್ಬ ಮೊದಲೇ ಹೋಗಿ ನೆಲೆಯೂರಿದ್ದರಷ್ಟೇ ಹುಡುಗನಿಗೆ ಮಲಗಲು ಹೋಟೆಲಿನ ಅಟ್ಟ, ಉಣ್ಣಲು ಎರಡು ಹೊತ್ತು ಊಟ. ಶುರುವಿನ ದಶಕಗಳಲ್ಲಿ ಅಡುಗೆಮನೆಯ ಹೊಸ್ತಿಲು ದಾಟಲು ಬ್ರಾಹ್ಮಣನಾಗಿಯೇ ಹುಟ್ಟಿರಬೇಕಿತ್ತು. ಬಂಟರು, ಬಿಲ್ಲವರು ಈ ಕಸುಬಿನಲ್ಲಿ ಬೇರೂರಿದ್ದು ಮುಂದೆ, ಹೆಚ್ಚಾಗಿ ಮುಂಬಯಿಯಲ್ಲಿ. ಆದ್ದರಿಂದ ಬಾಗಿಲು ತೆರೆದದ್ದು ಸಮುದಾಯ ಎಂಬುದನ್ನು ಒಪ್ಪೋಣ. ಆದರೆ ಒಳಗೆ ಬಂದವರೆಲ್ಲ ಒಂದೇ ಕಡೆ ತಲುಪಲಿಲ್ಲವಲ್ಲ, ಅದನ್ನು ಜಾತಿ ವಿವರಿಸುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಚರಿತ್ರೆ ಇಲ್ಲಿ ದೊಡ್ಡ ಸಾಕ್ಷಿ. ಹಗಲೆಲ್ಲ ಟೇಬಲ್ ಒರೆಸಿದ ಹುಡುಗರು ಸಂಜೆ ಅಲ್ಲಿಗೆ ಹೋಗಿ ಮೆಟ್ರಿಕ್ ಮುಗಿಸಿದರು. ಶಾಲೆ ತೆರೆದದ್ದು ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ನಿಜ, ಆದರೆ ಹತ್ತು ಗಂಟೆ ನಿಂತ ಕಾಲಿನಲ್ಲಿ ಬಂದು ಬೆಂಚಿನ ಮೇಲೆ ಕೂತವನು ಆ ಹುಡುಗನೇ. ಅವರಲ್ಲಿ ಹಲವರು ಹೋಟೆಲನ್ನೇ ಬಿಟ್ಟು ಬ್ಯಾಂಕು, ಕಚೇರಿಗಳ ಗುಮಾಸ್ತರಾದರು, ವಕೀಲರಾದರು. ಹಣದ ಮಾತೂ ಹೀಗೆಯೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ವಸೂಲು ಮಾಡತೊಡಗಿತು. ತಿಂಗಳ ಸಂಬಳವೇ ನೆಟ್ಟಗಿಲ್ಲದ ಕರಾವಳಿಯವನಿಗೆ ಆ ಪಾಸ್‌ಪುಸ್ತಕ ಬಂಡವಾಳದ ಮೊದಲ ಮೆಟ್ಟಿಲಾಯಿತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಗೆದ್ದವರ ಹೆಸರು ಬೋರ್ಡಿನ ಮೇಲಿದೆ, ಲೋಟ ತೊಳೆಯುತ್ತಲೇ ಮುದುಕರಾದವರ ಹೆಸರು ಎಲ್ಲಿ? ಅವರ ಸಂಖ್ಯೆಯೇ ದೊಡ್ಡದು, ಅವರಲ್ಲಿ ಎಷ್ಟೋ ಮಂದಿ ಮೀಸೆ ಮೂಡುವ ಮೊದಲೇ ದುಡಿಮೆಗೆ ಬಿದ್ದವರು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬರಲು 2006ರ ಅಕ್ಟೋಬರ್ ಬೇಕಾಯಿತು. ಎಲ್ಲರೂ ಮಾಲೀಕರಾಗಲು ಹೋಟೆಲುಗಳಾದರೂ ಎಷ್ಟಿರುತ್ತವೆ? ಇದಕ್ಕೆ ಉತ್ತರ ಉಡುಪಿ ಹೋಟೆಲಿನಲ್ಲಿಲ್ಲ, ಕಾಫಿ ಹೌಸಿನಲ್ಲಿದೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಇಂಡಿಯಾ ಕಾಫಿ ಹೌಸುಗಳನ್ನು ಮುಚ್ಚಹೊರಟಿತು, ನೌಕರರು ಬೀದಿಗೆ ಬೀಳುವವರಿದ್ದರು. ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಅವರು ಸಹಕಾರ ಸಂಘ ಕಟ್ಟಿಕೊಂಡು ಅಂಗಡಿಗಳನ್ನು ತಾವೇ ವಹಿಸಿಕೊಂಡರು. 1957ರ ಆಗಸ್ಟಿನಲ್ಲಿ ಅಂಥ ಮೊದಲ ಸಂಘ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಗೋಪಾಲನ್ ಧೈರ್ಯ ತುಂಬಿದರು, ಕಾಫಿ ಕಾಯಿಸಿದ್ದು, ಲೆಕ್ಕ ಬರೆದದ್ದು ಮಾತ್ರ ಪೇಟ ತೊಟ್ಟ ಆ ಬೇರರುಗಳೇ. ಇಲ್ಲಿಯೂ ನಡೆದದ್ದು ಅದೇ. ಕಸುಬಿನ ಪೂರ್ತಿ ನೋಟ ಅವರಿಗಿತ್ತು, ಅದಕ್ಕೇ ಮಾಲೀಕನಿಲ್ಲದೆಯೂ ಅಂಗಡಿ ನಡೆಯಿತು. ಒಬ್ಬೊಬ್ಬರೇ ಏರುವ ಏಣಿಯ ಬದಲು ಎಲ್ಲರೂ ಒಟ್ಟಿಗೆ ನಿಲ್ಲುವ ಜಗಲಿ ಕಟ್ಟಿದರು. ಯಾರೂ ಸಾಹುಕಾರರಾಗಲಿಲ್ಲ, ಕೆಲಸ ಮಾತ್ರ ಯಾರದೋ ಮರ್ಜಿಯ ಮೇಲೆ ಉಳಿಯಲಿಲ್ಲ.

ಕೆಲಸದ ತೃಪ್ತಿ ಎಂಬುದನ್ನು ನಾವು ಸಂಬಳದ ಬಾಲವೆಂದೇ ತಿಳಿಯುತ್ತೇವೆ, ಆದರೆ ಅದು ಹುಟ್ಟುವುದು ಕೆಲಸ ಪೂರ್ತಿಯಾಗಿ ನಮ್ಮ ಹಿಡಿತದಲ್ಲಿದ್ದಾಗ. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದು ಮೊದಲು ಮಾಡಿದ್ದು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಏರ್ಪಾಟು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ ಆ ಹೋಟೆಲು ರುಚಿ ಕೆಡಿಸಲು ಒಪ್ಪದೆ ದಿನದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ತೂಗುಹಾಕಿತು, ಕೊನೆಗೆ ಬಾಗಿಲು ಹಾಕಿ ತಿಂಡಿ ಮಿಶ್ರಣದ ಪೊಟ್ಟಣ ಮಾರಲು ನಿಂತಿತು. ಇಷ್ಟು ಹಟ ಸಾಧ್ಯವಾದದ್ದು ಕಲ್ಲು, ಒಲೆ, ಗಲ್ಲಾ ಮೂರೂ ಒಂದೇ ಕೈಯಲ್ಲಿದ್ದುದರಿಂದ. ಈಗ ಹಿಟ್ಟು ಎಲ್ಲೋ ಒಂದು ಕೇಂದ್ರ ಅಡುಗೆಮನೆಯಿಂದ ಡಬ್ಬಿಯಲ್ಲಿ ಬರುತ್ತದೆ, ಬಿಲ್ಲು ಕಂಪ್ಯೂಟರಿನಲ್ಲಿ ಮುಗಿಯುತ್ತದೆ. ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ ತವೆಯ ಮುಂದೆ ದೋಸೆ ಹೊಯ್ಯುತ್ತಾನೆ. ಅವನೂ ಮಾಲೀಕನಾಗಬಲ್ಲ ಎಂದು ಹೇಳುವವರು, ಉದ್ದಿನ ರೇಟು ಅವನಿಗೆ ಗೊತ್ತೇ ಎಂದು ಮೊದಲು ವಿಚಾರಿಸಲಿ.