ಒಂದು ಕಣಿವೆ, ಎರಡು ಕೋವಿ: ನೀಲಗಿರಿಯ ಬೇಟೆಯ ಕಟ್ಟಳೆಗಳು

ನೀಲಗಿರಿಯ ಪಶ್ಚಿಮದ ಅಂಚಿನಲ್ಲಿ ಕುಂದಾ ಬೆಟ್ಟಸಾಲು ಒಮ್ಮೆಲೇ ಮುರಿದು ಮಲಬಾರಿನ ಕಡೆಗೆ ಇಳಿಯುತ್ತದೆ. ಅಲ್ಲಿಯ ಕಡಿದಾದ ಬಂಡೆಗಳೇ ವರೈಯಾಡಿನ ನೆಲೆ. ಆಂಗ್ಲರು ಇದನ್ನು ‘ಐಬೆಕ್ಸ್’ ಎಂದು ತಪ್ಪಾಗಿ ಕರೆದರು. ಇಂದು ಇದರ ಹೆಸರು ನೀಲಗಿರಿ ತಾರ್. ಕೆಳಗಿನಿಂದ ಬರುವ ಅಪಾಯವನ್ನು ಈ ಕಾಡಾಡು ಬಹು ದೂರದಿಂದಲೇ ಕಾಣಬಲ್ಲದು. ಆದ್ದರಿಂದ ಬೇಟೆಗಾರನು ಮೇಲಿನಿಂದ, ಗಾಳಿಗೆ ಎದುರಾಗಿ, ಗಂಟೆಗಟ್ಟಲೆ ತೆವಳಿಕೊಂಡು ಬರಬೇಕಾಗಿತ್ತು. ಅಷ್ಟು ಹೊತ್ತಿಗೆ ಪಕ್ಕದ ದಿಣ್ಣೆಯಿಂದ ಮತ್ತೊಬ್ಬನು ಒಂದು ಗುಂಡು ಹಾರಿಸಿದರೆ ಸಾಕು, ಇಡೀ ಕಣಿವೆ ಬರಿದಾಗುತ್ತಿತ್ತು. ಒಂದು ಕಣಿವೆಯಲ್ಲಿ ಎರಡು ಕೋವಿಗಳಿಗೆ ಜಾಗವಿಲ್ಲ ಎಂಬ ಈ ಸರಳ ಸಂಗತಿಯೇ ಹತ್ತೊಂಬತ್ತನೆಯ ಶತಮಾನದಲ್ಲಿ ನೀಲಗಿರಿಯ ಬೇಟೆಗಾರರ ನಡುವೆ ಹಲವು ಕಟ್ಟಳೆಗಳನ್ನು ಹುಟ್ಟಿಸಿತು.

ಈ ಬೆಟ್ಟ ಕನ್ನಡಿಗರಿಗೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು 1117ರ ಚಾಮರಾಜನಗರದ ಶಾಸನ ಹೇಳುತ್ತದೆ. ಬಡಗ ಬಂಧುಗಳು ತಮ್ಮ ಊರುಗಳನ್ನು ಇಂದಿಗೂ ‘ಹಟ್ಟಿ’ ಎಂದೇ ಕರೆಯುತ್ತಾರೆ. ಅವರ ಪೂರ್ವಜರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದರೆಂಬುದು ಅವರ ಪರಂಪರೆಯ ನೆನಪು. ತೊದವರು ಎಮ್ಮೆ ಮೇಯಿಸುತ್ತಿದ್ದರು. ಬೇಟೆ ಅವರ ವೃತ್ತಿಯಲ್ಲ. ಬಡಗರು ಉಳುಮೆ ಮಾಡುತ್ತಿದ್ದರು. ಕೋತರು ಕಬ್ಬಿಣದ ಕೆಲಸ ಮಾಡಿಕೊಡುತ್ತಿದ್ದರು. ಕುರುಂಬರು ಇಳಿಜಾರಿನ ಕಾಡುಗಳಲ್ಲಿ ಜೇನು ಕೊಯ್ದು, ಬಲೆ ಕಟ್ಟಿ ಬೇಟೆಯಾಡಿ ಬದುಕುತ್ತಿದ್ದರು. ಯಾರ ದನ ಎಲ್ಲಿ ಮೇಯಬೇಕು, ಯಾರು ಯಾರಿಗೆ ಏನು ಕೊಡಬೇಕು ಎಂಬ ಕಟ್ಟುಪಾಡುಗಳು ಇವರ ನಡುವೆ ಮೊದಲೇ ನೆಲೆಗೊಂಡಿದ್ದವು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಕೋಟಗಿರಿಗೆ ಬಂದಾಗ ಅವನು ಕಂಡದ್ದು ನಿರ್ಜನ ಪ್ರದೇಶವನ್ನಲ್ಲ.

ಅವನ ಹಿಂದೆ ಬಂದ ಸೈನ್ಯಾಧಿಕಾರಿಗಳಿಗೆ ಹಾಗೂ ತೋಟದ ದೊರೆಗಳಿಗೆ ಮಾತ್ರ ಅದು ತೆರೆದ ಬೇಟೆಯ ಬಯಲಾಗಿ ತೋರಿತು. ಅವರ ಸ್ವದೇಶದಲ್ಲಿ ಬೇಟೆಯ ಹಕ್ಕು ಭೂಮಾಲೀಕನ ಎಸ್ಟೇಟಿಗೆ ಅಂಟಿಕೊಂಡಿತ್ತು. ಕರೆಯದೆ ಹೋದವನು ಕಳ್ಳಬೇಟೆಗಾರ. ಇಲ್ಲಿ ಬೆಟ್ಟವೆಲ್ಲ ಸರ್ಕಾರದ್ದು, ಕೋವಿ ಹಿಡಿದ ಬಿಳಿಯನಿಗೆ ತಡೆಯಿಲ್ಲ. ಮಾಲೀಕನಿಲ್ಲದ ಜಾಗದಲ್ಲಿ ಹಲವರು ಬೇಟೆಯಾಡುವಾಗ ನಡತೆಯೇ ಬೇಲಿಯಾಗಬೇಕಾಯಿತು. ಒಬ್ಬನು ಹಿಂಬಾಲಿಸುತ್ತಿರುವ ಮೃಗಕ್ಕೆ ಇನ್ನೊಬ್ಬನು ಗುರಿಯಿಡಬಾರದು. ಗಾಯಗೊಂಡ ಪ್ರಾಣಿಯನ್ನು ಅರ್ಧಕ್ಕೆ ಬಿಟ್ಟು ಬರಬಾರದು. ಇವು ಬರೆಯದ ನಿಯಮಗಳು. ಮುರಿದವನಿಗೆ ದಂಡವಿರಲಿಲ್ಲ, ಕ್ಲಬ್ಬಿನಲ್ಲಿ ಮುಖ ತೋರಿಸುವುದು ಕಷ್ಟವಾಗುತ್ತಿತ್ತು, ಅಷ್ಟೆ.

ಇವುಗಳಲ್ಲಿ ಭಾರತದ ಉದ್ದಗಲಕ್ಕೂ ಹೆಚ್ಚು ಚರ್ಚೆಗೆ ಒಳಗಾದದ್ದು ‘ಮೊದಲ ರಕ್ತ’ದ ನಿಯಮ. ಹಲವರು ಗುಂಡು ಹಾರಿಸಿದಾಗ ಯಾರ ಗುಂಡು ಮೊದಲು ತಗುಲಿ ನೆತ್ತರು ಬಂದಿತೋ ಮೃಗ ಅವನದು. ಕೊನೆಗೆ ಕೊಂದವನು ಬೇರೆಯವನಾದರೂ ಕೊಂಬು, ಚರ್ಮ ಮೊದಲಿನವನಿಗೇ. ಚರ್ಮ ಸವರಿದ ಗುಂಡೂ ಲೆಕ್ಕಕ್ಕೆ ಬರುತ್ತಿದ್ದುದರಿಂದ ಸತ್ತ ಹುಲಿಯ ಸುತ್ತ ನಿಂತು ಗಾಯಗಳನ್ನು ಪರೀಕ್ಷಿಸುವ ಪ್ರಸಂಗಗಳು ಒದಗುತ್ತಿದ್ದವು. ನ್ಯಾಯದ ದೃಷ್ಟಿಯಿಂದ ಈ ನಿಯಮ ಅಷ್ಟು ಸಮರ್ಪಕವಲ್ಲವೆಂದು ನನಗೆ ತೋರುತ್ತದೆ. ಚೆನ್ನಾಗಿ ಗುರಿಯಿಟ್ಟವನಿಗಿಂತ ಅವಸರಪಟ್ಟವನಿಗೆ ಅದು ಅನುಕೂಲ. ಆದರೂ ಗಾಯಗೊಳಿಸಿದವನೇ ಬೆನ್ನಟ್ಟುವ ಹೊಣೆಯನ್ನೂ ಹೊರಬೇಕೆಂಬುದು ಅದರ ಜೊತೆಗಿದ್ದುದರಿಂದ ಅದಕ್ಕೆ ಒಂದು ಘನತೆ ಬಂದಿತ್ತು.

ಮರ್ಯಾದೆಯ ಬೇಲಿ ಬಹಳ ದಿನ ನಿಲ್ಲಲಿಲ್ಲ. ಊಟಿ ಬೇಸಿಗೆಯ ಪಟ್ಟಣವಾಗಿ ಬೆಳೆದಂತೆ ಕೋವಿಗಳು ಹೆಚ್ಚಿದವು. ಕಾಫಿ ಮತ್ತು ಚಹಾ ತೋಟಗಳು ಕಾಡನ್ನು ಕಿರಿದಾಗಿಸಿದವು. ಗಂಡು ಹೆಣ್ಣೆಂಬ ಭೇದವಿಲ್ಲದೆ ಕಾಡಾಡುಗಳನ್ನು ಹೊಡೆದುರುಳಿಸಿದರು. ಅವುಗಳಲ್ಲಿ ಹಲವು ಕೈಗೆ ಸಿಗದ ಪ್ರಪಾತಕ್ಕೆ ಬಿದ್ದು ಹಾಳಾದವು. ಈ ಕಾಲದ ಚಿತ್ರಣ ಬೇಕಾದವರು ಡಗ್ಲಾಸ್ ಹ್ಯಾಮಿಲ್ಟನ್ ಎಂಬ ಸೇನಾಧಿಕಾರಿಯ ಬೇಟೆಯ ದಾಖಲೆಗಳನ್ನು ನೋಡಬಹುದು; ಅವನ ಸಹೋದರನು ಅವನ್ನು ಸಂಪಾದಿಸಿ 1892ರಲ್ಲಿ ಪ್ರಕಟಿಸಿದನು.

1877ರಲ್ಲಿ ಬೇಟೆಗಾರರೇ ಸೇರಿ ನೀಲಗಿರಿ ಗೇಮ್ ಅಸೋಸಿಯೇಷನ್ ಸ್ಥಾಪಿಸಿದರು. ಎರಡೇ ವರ್ಷದಲ್ಲಿ, 1879ರಲ್ಲಿ, ಮದ್ರಾಸ್ ಸರ್ಕಾರ ನೀಲಗಿರಿಗೆಂದೇ ಒಂದು ಕಾಯಿದೆ ಮಾಡಿತು: ಬೇಟೆಯ ಪ್ರಾಣಿಗಳ ಮತ್ತು ಹೊರಗಿನಿಂದ ತಂದು ಬಿಟ್ಟ ಮೀನುಗಳ ರಕ್ಷಣೆ ಅದರ ಉದ್ದೇಶ. ಮರಿ ಹಾಕುವ ಕಾಲದಲ್ಲಿ ಬೇಟೆ ನಿಷಿದ್ಧವಾಯಿತು, ಪರವಾನಗಿ ಬಂದಿತು. ಹೆಣ್ಣು ಕಾಡಾಡನ್ನೂ ಹೆಣ್ಣು ಕಡವೆಯನ್ನೂ ಹೊಡೆಯಬಾರದೆಂದಾಯಿತು. ಬೆನ್ನಿನ ಮೇಲೆ ಜೀನು ಹಾಕಿದಂತೆ ನಸುಬಿಳಿ ಮಚ್ಚೆ ಮೂಡಿದ ವಯಸ್ಸಾದ ಗಂಡು ಮಾತ್ರ ಯೋಗ್ಯ ಗುರಿಯೆನಿಸಿತು. ಹೀಗೆ ಗೆಳೆಯರ ನಡುವಿನ ಸೌಜನ್ಯ ಕಾನೂನಾಯಿತು. ಇದೇ ಜಾಡಿನಲ್ಲಿ ಮುಂದೆ ದೇಶದ ಹಲವೆಡೆ ಅರಣ್ಯ ಇಲಾಖೆಗಳು ಕಾಡನ್ನು ಬೇಟೆಯ ಬ್ಲಾಕುಗಳನ್ನಾಗಿ ವಿಂಗಡಿಸಿ, ಗೊತ್ತಾದ ಅವಧಿಗೆ ಒಂದು ಬ್ಲಾಕನ್ನು ಒಂದೇ ತಂಡಕ್ಕೆ ಕೊಡತೊಡಗಿದವು. ಎರಡು ಕೋವಿಗಳ ಜಗಳ ಕಚೇರಿಯ ಕಡತದಲ್ಲಿ ತೀರ್ಮಾನವಾಯಿತು.

ಈ ರಕ್ಷಣೆ ಎಲ್ಲ ಜೀವಿಗಳಿಗೂ ದೊರೆಯಲಿಲ್ಲ. ಅದೇ ಕಡವೆಯನ್ನು ಬೆನ್ನಟ್ಟುವ ಸೀಳುನಾಯಿಯನ್ನು ಬೇಟೆಗಾರರು ಪ್ರತಿಸ್ಪರ್ಧಿಯೆಂದು ಬಗೆದರು. ಅದನ್ನು ಕೊಂದವರಿಗೆ ಬಹುಮಾನ ಸಿಗುತ್ತಿತ್ತು.

ಕುರುಂಬನ ಗತಿಯೂ ಯೋಚಿಸತಕ್ಕದ್ದು. ದೊರೆಗೆ ಜಾಡು ತೋರಿಸಿ ಮೃಗದ ಹತ್ತಿರಕ್ಕೆ ಕರೆದೊಯ್ಯಲು ಅವನ ಕಣ್ಣೂ ಕಾಲೂ ಬೇಕಾಗಿದ್ದವು. ಅವನೇ ತನ್ನ ಮಕ್ಕಳ ಹೊಟ್ಟೆಗಾಗಿ ಬಲೆ ಕಟ್ಟಿದರೆ, ಉರುಳು ಒಡ್ಡಿದರೆ ಅದು ಹೇಯವಾದ ಕಳ್ಳಬೇಟೆ. ಬೇಟೆಗಾರರ ಬರಹಗಳಲ್ಲಿ ಈ ತಾರತಮ್ಯ ಮತ್ತೆ ಮತ್ತೆ ಕಾಣುತ್ತದೆ: ವಿನೋದಕ್ಕಾಗಿ ಕೊಲ್ಲುವುದು ಸಭ್ಯತೆ, ಆಹಾರಕ್ಕಾಗಿ ಕೊಲ್ಲುವುದು ಅಪರಾಧ. ಕಾಯಿದೆಯಿಂದ ಕಾಡಾಡು ಉಳಿಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸೌಜನ್ಯದ ವೃತ್ತದೊಳಗೆ ಯಾರಿದ್ದರು, ಯಾರು ಹೊರಗುಳಿದರು ಎಂದು ಕೇಳದೆ ಅದರ ಇತಿಹಾಸ ಬರೆಯಲಾಗದು.

ಹಳ್ಳಿಗರ ಬೇಟೆಗೂ ಕಟ್ಟಳೆಗಳಿದ್ದವು, ಅವು ಅಚ್ಚಾಗಲಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಆ ಲೋಕ ಪರಿಚಿತ. ಮಲೆನಾಡಿನಲ್ಲಿ ಒಂದು ತಂಡ ಹಳು ಸೋವುತ್ತಿದ್ದರೆ ಕೋವಿಯವರು ಗೊತ್ತುಮಾಡಿದ ಜಾಗಗಳಲ್ಲಿ ನಿಲ್ಲುತ್ತಿದ್ದರು. ಆ ಜಾಗಕ್ಕೆ ಹೆಸರು ‘ಬಿಲ್ಲು’. ಕೈಯಲ್ಲಿ ತೋಟಾಕೋವಿ ಬಂದರೂ ಮಾತಿನಲ್ಲಿ ಬಿಲ್ಲು ಉಳಿಯಿತು. ತನ್ನ ಬಿಲ್ಲನ್ನು ಬಿಟ್ಟು ಕದಲಿದವನು ಸಂಗಡಿಗನ ಗುಂಡಿಗೆ ಸಿಕ್ಕುವ ಭಯವಿದ್ದುದರಿಂದ ಇದು ಬರಿಯ ಶಿಷ್ಟಾಚಾರವಾಗಿರಲಿಲ್ಲ. ಬೇಟೆ ಮುಗಿದ ಮೇಲೆ ಪಾಲು: ಈಡು ಹೊಡೆದವನಿಗೆ ವಿಶೇಷ ಪಾಲು, ಸೋವಿದವರಿಗೆಲ್ಲ ಒಂದೊಂದು ಪಾಲು, ನಾಯಿಗೂ ಅದರ ಪಾಲು. ಕೊಂಬು ಯಾರದೆಂದು ಅಲ್ಲಿ ಕೇಳುತ್ತಿದ್ದುದು ಕಡಮೆ. ಮಾಂಸ ಯಾರ ಮನೆಗೆ ಎಷ್ಟು ಎಂಬುದೇ ಮುಖ್ಯವಾಗಿತ್ತು.

ಸ್ವಾತಂತ್ರ್ಯಾನಂತರ ನೀಲಗಿರಿಯ ಅಸೋಸಿಯೇಷನ್ ಮೆಲ್ಲನೆ ಮಗ್ಗುಲು ಬದಲಿಸಿತು. ಇ. ಆರ್. ಸಿ. ದಾವಿದಾರ್ ಅವರು 1963ರಲ್ಲಿ ನೀಲಗಿರಿಯ ಕಾಡಾಡುಗಳ ಗಣತಿ ಪ್ರಕಟಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಪ್ರಾಣಿಯನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಇತರ ಕೆಲವು ಪ್ರಾಣಿಗಳಿಗಿದ್ದ ಬೇಟೆಯ ಪರವಾನಗಿಯೂ 1991ರ ತಿದ್ದುಪಡಿಯೊಂದಿಗೆ ಕೊನೆಗೊಂಡಿತು. ಅದರ ಹಿಂದಿನ ವರ್ಷವೇ ಸುಮಾರು 78 ಚದರ ಕಿಲೋಮೀಟರ್ ವಿಸ್ತಾರದ ಮುಕುರ್ತಿ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತ್ತು. 1877ರ ಅಸೋಸಿಯೇಷನ್ ತನ್ನ ಹೆಸರಿನಿಂದ ‘ಗೇಮ್’ ಪದವನ್ನು ತೆಗೆದು, ಇಂದು ನೀಲಗಿರಿ ವನ್ಯಜೀವಿ ಮತ್ತು ಪರಿಸರ ಸಂಘವಾಗಿ ಕೆಲಸ ಮಾಡುತ್ತಿದೆ. 2006ರ ಅರಣ್ಯ ಹಕ್ಕುಗಳ ಕಾಯಿದೆ ಕಾಡಿನ ಜನರಿಗೆ ಜೇನು, ಮೇವು, ಕಿರು ಉತ್ಪನ್ನ, ವಾಸದ ನೆಲ ಇವುಗಳ ಮೇಲಿನ ಹಕ್ಕನ್ನು ಒಪ್ಪಿಕೊಂಡಿತು; ಪಾರಂಪರಿಕ ಬೇಟೆಯನ್ನು ಮಾತ್ರ ಹೆಸರು ಹೇಳಿಯೇ ಹೊರಗಿಟ್ಟಿತು.