ಬಸುರಿಯ ಲೆಕ್ಕ ಬರೆದಿಟ್ಟವರು

ಮುಡುಕುತೊರೆಯ ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿ, ಕೆಳಗೆ ಕಾವೇರಿ. ಇಲ್ಲಿನ ದನಗಳ ಜಾತ್ರೆಗೆ ಬರುವ ರೈತ ಎತ್ತಿನ ಹಲ್ಲು, ಸುಳಿ, ಗೊರಸುಗಳನ್ನೆಲ್ಲ ನೋಡಿಯೇ ಬೆಲೆ ಕಟ್ಟುತ್ತಾನೆ. ಅದೇ ರೈತನ ಮನೆಯ ಬಸುರಿ ಹೆಂಗಸನ್ನು ತಿಂಗಳು ತಿಂಗಳು ಪರೀಕ್ಷಿಸುವ ಪದ್ಧತಿ ಮಾತ್ರ ಹಿಂದೆ ಹಳ್ಳಿಗಳಲ್ಲಿ ಇರಲಿಲ್ಲ. ಸೂಲಗಿತ್ತಿಗೆ ಕರೆ ಹೋಗುತ್ತಿದ್ದುದು ಸಾಮಾನ್ಯವಾಗಿ ನೋವು ಕಾಣಿಸಿಕೊಂಡ ಮೇಲೆ. ಹೊಟ್ಟೆ ಮುಟ್ಟಿ ಮಗು ಅಡ್ಡ ತಿರುಗಿದೆಯೇ ಎಂದು ಹೇಳಬಲ್ಲ ಕೈ ಅವಳದು. ಆದರೆ ಏರಿದ ರಕ್ತದೊತ್ತಡವಾಗಲಿ, ರಕ್ತದಲ್ಲಿನ ಸಕ್ಕರೆಯಾಗಲಿ ಎಂಥ ಅನುಭವಿ ಕೈಗೂ ತಿಳಿಯುವಂಥದ್ದಲ್ಲ.

ಹೆರಿಗೆಯ ವಿವರ ಬರೆದಿಡುವ ಕೆಲಸ ಗಟ್ಟಿಯಾಗಿ ನಡೆದದ್ದು ನಲವತ್ತು ಕಿ.ಮೀ.ಗೂ ಆಚೆ, ಮೈಸೂರಿನಲ್ಲಿ. 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿದ ಕಡತಗಳು 1934ರಿಂದಲೂ ಉಳಿದುಬಂದಿವೆ. ಆ ಅಂಕಿಗಳು ಅರವತ್ತು ವರ್ಷಗಳ ಮೇಲೆ ಏನು ಹೇಳಲಿವೆ ಎಂಬ ಕಲ್ಪನೆ ಬರೆದ ದಾದಿಯರಿಗೆ ಇದ್ದಿರಲಾರದು.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ವೈದ್ಯ-ಸಂಶೋಧಕ ಡೇವಿಡ್ ಬಾರ್ಕರ್ ಒಂದು ವಾದ ಹೂಡಿದ್ದರು: ಹೃದಯದ ಕಾಯಿಲೆಯ ಬೇರು ತಾಯಿಯ ಗರ್ಭದಲ್ಲೇ ಇರಬಹುದು. ಅವರಿಗೆ ಆಧಾರವಾದದ್ದು ಹರ್ಟ್‌ಫರ್ಡ್‌ಶೈರಿನ ಹಳೆಯ ಜನನ ದಾಖಲೆ. ಅಂಥದೇ ದಾಖಲೆ ಮೈಸೂರಿನಲ್ಲೂ ಸಿಕ್ಕಿತು. ಸೌತಾಂಪ್ಟನ್‌ನವರೇ ಆದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ಹುಡುಕಿಸಿ, ಆ ಆಸ್ಪತ್ರೆಯಲ್ಲೇ ಹುಟ್ಟಿ ಆಗ ನಡುವಯಸ್ಸಿನಲ್ಲಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು. ಮೂರು ಕೆ.ಜಿ. ದಾಟಿ ದಷ್ಟಪುಷ್ಟವಾಗಿ ಹುಟ್ಟಿದವರಲ್ಲಿ ಅದು ಶೇ. 3 ಮಾತ್ರ.

ಹಾಗಾದರೆ ಮಗುವನ್ನು ಹೊತ್ತ ತಾಯಂದಿರ ಆರೋಗ್ಯ ಹೇಗಿರುತ್ತದೆ? ಅದನ್ನರಿಯಲು 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಲಾಯಿತು. ಪಾರ್ಥೆನಾನ್ ಅಧ್ಯಯನ ಎಂದು ಹೆಸರಾದ ಈ ಕೆಲಸದಲ್ಲಿ ನೂರರಲ್ಲಿ ಆರು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಕಂಡಿತು. ಸಂಶೋಧಕಿ ಜಿ.ವಿ. ಕೃಷ್ಣವೇಣಿ ಮತ್ತಿತರರು ಈ ಎಲ್ಲ ತಾಯಂದಿರ ಮಕ್ಕಳ ಬೆಳವಣಿಗೆಯನ್ನು ವರ್ಷ ವರ್ಷ ನೋಡುತ್ತ ಹೋದರು. ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ಸಕ್ಕರೆ ಕಾಯಿಲೆ ಉಳ್ಳವರದು, ಹಳ್ಳಿಗೆ ಬರುವುದಿಲ್ಲ ಎಂದು ಕೈಕಟ್ಟಿ ಕೂರುವುದು ತಪ್ಪು.

ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಆ ತಪ್ಪಿಗೆ ಅವಕಾಶ ಕೊಡಲಿಲ್ಲ. ಪ್ರತಿ ಗರ್ಭಿಣಿಗೂ ಎರಡು ಸಲ ಸಕ್ಕರೆ ಪರೀಕ್ಷೆ: ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಸಕ್ಕರೆ 140 ಮುಟ್ಟಿದ್ದರೆ ಚಿಕಿತ್ಸೆ. ಹಿಂದಿನ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬಂದು ಮತ್ತೆ ಮತ್ತೆ ರಕ್ತ ಕೊಡಬೇಕಿತ್ತು; ಇದಕ್ಕೆ ಉಂಡೇ ಬರಬಹುದು. ಬೆಳಗಿನ ಕೆಲಸ ಮುಗಿಸಿ, ಬಸ್ಸು ಹಿಡಿದು ಟಿ. ನರಸೀಪುರದ ತಾಲ್ಲೂಕು ಆಸ್ಪತ್ರೆಗೆ ಬರುವ ಹೆಣ್ಣುಮಗಳಿಗೆ ಇದು ದೊಡ್ಡ ಉಪಕಾರ.

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆಯಿದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಬಿಪಿ 140/90 ತಲುಪಿದ್ದರೆ, ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ ಆಕೆಯ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡಿಗೆ ಅಪಾಯ ಸೂಚಿಸುವ ಕೆಂಪು ಗುರುತು. ಸ್ಕ್ಯಾನಿಂಗ್ ಮಾಡುವ ವೈದ್ಯರ ಮೇಲೆ ಬೇರೆಯೇ ಹೊಣೆಯಿದೆ: 1996ರಲ್ಲಿ ಜಾರಿಗೆ ಬಂದ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಪ್ರತಿ ಗರ್ಭಿಣಿಗೂ 'ಎಫ್' ನಮೂನೆ ತುಂಬಬೇಕು.

ಈ ಭಾಗದ ಒಂದು ರೂಢಿಗೆ ನಿಯಮಗಳು ಇನ್ನೂ ಪೂರ್ತಿ ಹೊಂದಿಕೊಳ್ಳಬೇಕಾಗಿದೆ. ಚೊಚ್ಚಲ ಬಸುರಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಮುಡುಕುತೊರೆಯ ಸೊಸೆಯ ತವರು ನಂಜನಗೂಡಾದರೆ, ಏಳೆಂಟು ತಿಂಗಳು ಅವಳನ್ನು ನೋಡಿಕೊಂಡ ಆಶಾ ಕಾರ್ಯಕರ್ತೆಯೇ ಒಬ್ಬರು, ಹೆರಿಗೆಯ ಹೊತ್ತಿಗೆ ಸಿಗುವ ವೈದ್ಯರೇ ಇನ್ನೊಬ್ಬರು. ಬಿಪಿ ಯಾವ ವಾರ ಏರಿತು, ಮಾತ್ರೆ ಯಾವುದು ಎಂಬುದು ಹೊಸಬರಿಗೆ ತಕ್ಷಣ ಗೊತ್ತಾಗುವುದು ಬ್ಯಾಗಿನಲ್ಲಿರುವ ತಾಯಿ ಕಾರ್ಡಿನಿಂದ. ಸೀಮಂತದ ಸಡಗರದಲ್ಲಿ ಸೀರೆ, ಬಳೆಯ ಜೊತೆ ಅದನ್ನೂ ಕಳಿಸಬೇಕು. ಅದಕ್ಕೂ ಮುಂಚೆ, ಅದರ ಒಂದು ಖಾನೆಯನ್ನೂ ಆರೋಗ್ಯ ಸಿಬ್ಬಂದಿ ಖಾಲಿ ಬಿಟ್ಟಿರಬಾರದು.